ಮೈಸೂರು ಪುರಭವನದಲ್ಲಿ ನಾಟಕ: ಬುಕ್ ಮಾಡುವ ಮುಂಚೆ ಏನೇನು ನೋಡ್ಕೋಬೇಕು?

ರಂಗಸಂಗಾತಿ:
ನಮ್ಮ ಹವ್ಯಾಸಿ ತಂಡದ ಎರಡು ಗಂಟೆಯ ನಾಟಕವನ್ನು ಮೈಸೂರಿನ ಪುರಭವನದಲ್ಲಿ ಆಡುವ ಯೋಚನೆ ಇದೆ. ದಿವಾನ್ ರಂಗಾಚಾರ್ಲು ನೆನಪಿಗೆ 1884ರಲ್ಲಿ ಕಟ್ಟಿದ್ದು. ಹೊಸ ಆಡಿಟೋರಿಯಂ ಲೆಕ್ಕ ಇಲ್ಲಿ ನಡೆಯಲ್ಲ ಅಂತ ಗೊತ್ತು. ಲೈಟು, ಸೌಂಡು ಹೊರಗಿನಿಂದ ತರಿಸ್ತೀವಿ. ಬಾಡಿಗೆ ಕಟ್ಟುವ ಮುಂಚೆ ಏನು ವಿಚಾರಿಸಬೇಕು?

ಗ್ರೀನ್‌ರೂಮ್:
ಮೊದಲು ಸಮಯ. ಸಂಜೆ 6ರ ಆಟ ಅಂದರೆ ಸೆಟ್, ಲೈಟ್ ಫೋಕಸ್, ಸೌಂಡ್ ಚೆಕ್‌ಗೆ ಮಧ್ಯಾಹ್ನ 12ಕ್ಕೇ ಬಾಗಿಲು ತೆರೆದಿರಬೇಕು, ಬಿಚ್ಚೋಕೆ ಮತ್ತೆರಡು ಗಂಟೆ. ಬಾಡಿಗೆ ಅವಧಿಯಲ್ಲಿ ಇದೆಲ್ಲ ಸೇರಿದೆಯಾ, ಸರ್ಕಾರಿ ಕಾರ್ಯಕ್ರಮ ಬಂದು ದಿನಾಂಕ ತಪ್ಪಿದರೆ ಠೇವಣಿ ವಾಪಸ್ಸಾ ಅನ್ನೋದನ್ನ ಬರಹದಲ್ಲೇ ತಗೊಳ್ಳಿ. ದಸರಾ ದಿನಗಳು ಬೇಡವೇ ಬೇಡ. ಅರಮನೆ ಹತ್ತಿರದ ರಸ್ತೆಗಳನ್ನ ಮುಚ್ಚಿದರೆ ಸೆಟ್ ಗಾಡಿ ಒಳಗೆ ಬರಲ್ಲ.

ಫೇಡರ್:
ಇಂಥ ಹಳೇ ಕಟ್ಟಡದಲ್ಲಿ ನಾಟಕ ಕೆಡೋದು ಮಾತು ಕೇಳಿಸದೆ. ಸೂರು ಎತ್ತರ, ಗೋಡೆ ಗಟ್ಟಿ ಗಾರೆ. ಶಬ್ದ ಹೀರೋಕೆ ಏನೂ ಇರಲ್ಲ. ನಡುವೆ ನಿಂತು ಒಂದೇ ಒಂದು ಚಪ್ಪಾಳೆ ತಟ್ಟಿ. ಒಂದೂವರೆ ಸೆಕೆಂಡ್ ದಾಟಿಯೂ ಮೊಳಗ್ತಿದ್ದರೆ ಹಿಂದಿನ ಸಾಲಿಗೆ ಒತ್ತಕ್ಷರಗಳೆಲ್ಲ ಕಲಸಿಹೋಗುತ್ತವೆ. ಆಗ ವಾಲ್ಯೂಮ್ ಏರಿಸಿದರೆ ಮೊಳಗೂ ಅಷ್ಟೇ ಏರುತ್ತೆ, ಮಾತು ಬಿಡಿಸಿ ಕೇಳಲ್ಲ.

ಎರಡು ದೊಡ್ಡ ಸ್ಪೀಕರ್ ಡಬ್ಬಗಳ ಬದಲು ಸಣ್ಣ ಕಾಲಂ ಸ್ಪೀಕರ್ (ಕಂಬದಂತೆ ಸಪೂರ, ಉದ್ದ ಇರೋದು) ನಾಲ್ಕು ಕೇಳಿ: ಎರಡು ವೇದಿಕೆ ಬಳಿ, ಎರಡು ಸಭಾಂಗಣದ ಅರ್ಧದಲ್ಲಿ, ಜನರ ಕಡೆ ಬಾಗಿಸಿ. ಹಿಂದಿನ ಜೋಡಿ ವೇದಿಕೆಯ ಜೋಡಿಯಿಂದ 10 ಮೀಟರ್ ದೂರ ಇದ್ದರೆ ಅದಕ್ಕೆ 29 ಮಿಲಿಸೆಕೆಂಡ್ ಡಿಲೇ ಕೊಡಿ, ಅಂದರೆ ದನಿ ಅಷ್ಟು ತಡವಾಗಿ ಹೊರಡಬೇಕು; ಮೇಲೆ ಇನ್ನೊಂದು 10 ಸೇರಿಸಿ. ಆಗ ದನಿ ಪಾತ್ರಧಾರಿಯ ಕಡೆಯಿಂದಲೇ ಬಂದಂತೆ ಇರುತ್ತೆ. ಹಿಂಗೋಡೆಗೆ ನೆರಿಗೆ ಬಿಟ್ಟ ದಪ್ಪ ಪರದೆಯನ್ನ ಅರ್ಧ ಅಡಿ ಮುಂದೆ ಸ್ಟ್ಯಾಂಡ್ ಮೇಲೆ ಇಳಿಬಿಡಿ. ಖಾಲಿ ಹಾಲ್‌ನಲ್ಲಿ ಮಾಡಿದ ಚೆಕ್ ಪೂರ್ತಿ ನಂಬಬೇಡಿ, ಜನ ತುಂಬಿದ ಮೇಲೆ ಮೊಳಗು ಇಳಿಯುತ್ತೆ.

ತ್ರೀಫೇಸ್:
ಗೋಡೆಯ ಪ್ಲಗ್‌ಗೆ ಲೈಟ್ ಕೊಡಲೇಬೇಡಿ. ಹಳೇ 1,000 ವ್ಯಾಟ್ ಪಾರ್ (ಡಬ್ಬದಂಥ ವೇದಿಕೆ ಲೈಟ್) 20 ಹಾಕಿದರೆ 20 ಕಿಲೋವ್ಯಾಟ್. ಒಂದೇ ಫೇಸ್‌ನಲ್ಲಿ ಸುಮಾರು 87 ಆಂಪ್, ಮೂರು ಫೇಸ್‌ಗೆ ಹಂಚಿದರೆ ತಲಾ 29. ಎಲ್‌ಇಡಿ ಪಾರ್ ಆದರೆ ಹೊರೆ ಬಹಳ ಕಮ್ಮಿ. ಡಿಮ್ಮರ್ (ಬೆಳಕು ಏರಿಸಿ ಇಳಿಸೋ ಪೆಟ್ಟಿಗೆ) ಇರೋ ಫೇಸ್‌ಗೆ ಸೌಂಡ್ ಮಿಕ್ಸರ್ ಸೇರಿಸಿದರೆ ಸ್ಪೀಕರ್ ಗುಂಯ್ ಅನ್ನುತ್ತೆ, ಸೌಂಡಿಗೆ ಬೇರೆ ಫೇಸ್ ಕೊಡಿ. ಜನರೇಟರ್ ತರಿಸೋದಾದರೆ ಗಾಡಿ ಎಲ್ಲಿ ನಿಲ್ಲುತ್ತೆ, ಕೇಬಲ್ ಎಷ್ಟು ಮೀಟರ್ ಬೇಕು ಅಂತ ಮೊದಲೇ ಅಳೆದಿಡಿ.

ರಂಗಸಂಗಾತಿ:
ತುಂಬಾ ಉಪಕಾರ. ಬ್ಯಾನರ್, ಹೂವಿನ ಅಲಂಕಾರ ಗೋಡೆಗೆ ಕಟ್ಟಬಹುದಾ?

ಗ್ರೀನ್‌ರೂಮ್:
ದಯವಿಟ್ಟು ಬೇಡ. ಮೊಳೆ ಹೊಡೆದರೆ ಗಾರೆ ಹಿಡಿಹಿಡಿಯಾಗಿ ಉದುರುತ್ತೆ, ಟೇಪ್ ಕಿತ್ತರೆ ಸುಣ್ಣದ ಪದರವೇ ಎದ್ದು ಬರುತ್ತೆ. ಕಬ್ಬಿಣದ ಫ್ರೇಮ್ ನಿಲ್ಲಿಸಿ, ಕಾಲಿಗೆ ಮರಳುಚೀಲ ಇಟ್ಟು ಅದಕ್ಕೇ ಕಟ್ಟಿ. ದೀಪದ ಕೆಳಗೆ ಅಂಚಿರುವ ಅಗಲ ತಟ್ಟೆ ಇಡಿ, ಹಲಗೆಗೆ ಇಳಿದ ಎಣ್ಣೆ ಕಲೆ ಹೋಗಲ್ಲ. ಒಳಗೆ ಹೋದ ಕೂಡಲೇ ಗೋಡೆ, ನೆಲ, ಬಾಗಿಲುಗಳ ಫೋಟೊ ತೆಗೆದು ಅಲ್ಲಿನ ಸಿಬ್ಬಂದಿಗೆ ತೋರಿಸಿ; ಠೇವಣಿ ವಾಪಸ್ ಕೇಳುವಾಗ ಅದೇ ಸಾಕ್ಷಿ.