ರಾಣಿಯ ಸ್ಲಿಪ್ಪರ್‌ಗೆ ಕನ್ನಡದಲ್ಲಿ ಏನನ್ನೋಣ?

ವಿಕ್ಟೋರಿಯಾ ಕಾಲದ ಇಂಗ್ಲೆಂಡಿನ ಉಡುಗೆ-ತೊಡುಗೆ ಬಗ್ಗೆ ಒಂದು ಬರಹವನ್ನು ಕನ್ನಡಕ್ಕೆ ತರುತ್ತಿದ್ದೇನೆ. ಎರಡು ದಿನದಿಂದ ಒಂದೇ ಪದಕ್ಕೆ ಗಂಟು ಬಿದ್ದಿದ್ದೇನೆ. ಸ್ಲಿಪ್ಪರ್.

1840ರ ಫೆಬ್ರವರಿ 10ರಂದು ರಾಣಿ ತನ್ನ ಮದುವೆಗೆ ಹಾಕಿಕೊಂಡದ್ದು ಬಿಳಿ ಸ್ಯಾಟಿನ್ ಸ್ಲಿಪ್ಪರ್. "ರಾಣಿ ಸ್ಲಿಪ್ಪರ್ ಹಾಕಿಕೊಂಡು ಮದುವೆಗೆ ಬಂದಳು" ಅಂತ ಬರೆದು ಮನೆಯಲ್ಲಿ ಓದಿದೆ. ಮಗಳು "ಬಾತ್‌ರೂಮ್ ಚಪ್ಪಲೀಲಾ?" ಅಂದಳು. ಅವಳದ್ದೇನೂ ತಪ್ಪಿಲ್ಲ. ನಮಗೆ ಸ್ಲಿಪ್ಪರ್ ಅಂದರೆ ಹವಾಯಿ ಚಪ್ಪಲಿ ತಾನೆ?

ಆಗಿನ ಸ್ಲಿಪ್ಪರ್ ಬೇರೆಯೇ ವಸ್ತು. ಮೇಲೆ ನುಣುಪು ರೇಷ್ಮೆ, ಕೆಳಗೆ ತೆಳು ಚರ್ಮದ ಅಟ್ಟೆ, ಚೌಕ ಮೂತಿ, ಕಣಕಾಲಿಗೆ ಸುತ್ತಿ ಕಟ್ಟಲು ರಿಬ್ಬನ್. ಹೀಲ್ಸ್ ಇಲ್ಲ, ಅದು ಮತ್ತೆ ಬಂದದ್ದು 1850ರ ನಂತರ. (ಹೀಲ್ಸ್‌ಗೆ 'ಹಿಮ್ಮಡಿ' ಅನ್ನಬೇಡಿ. "ಎತ್ತರದ ಹಿಮ್ಮಡಿಯ ಹೆಂಗಸು" ಅಂದರೆ ಕಾಲಿಗೇ ಏನೋ ಆಗಿದೆ ಅನ್ನಿಸುತ್ತೆ.) ಬೀದಿಗಿಳಿದರೆ ಕೆಲಸ ಕೆಟ್ಟಿತು. ಕುಣಿತದ ಕೂಟಕ್ಕೆ, ಔತಣಕ್ಕೆ ಮಾತ್ರ.

ನನಗೆ ಖುಷಿ ಕೊಟ್ಟದ್ದು ಇನ್ನೊಂದು ಸಂಗತಿ. ಇವಕ್ಕೆ ಎಡ-ಬಲ ಇರಲಿಲ್ಲ, ಎರಡೂ ಒಂದೇ ಅಚ್ಚಿನವು. ಪ್ಯಾರಿಸ್‌ನಿಂದ ಬಂದ ಕೆಲವು ಜೊತೆಗಳ ಒಳಗೆ ಫ್ರೆಂಚಿನಲ್ಲಿ 'ಬಲ', 'ಎಡ' ಅಂತ ಪುಟ್ಟ ಚೀಟಿ ಅಂಟಿಸಿರುತ್ತಿದ್ದರು. ಹಾಕುತ್ತಾ ಹಾಕುತ್ತಾ ಅದು ಆ ಕಾಲಿನದಾಗಬೇಕು, ಅಷ್ಟೆ. ನಮ್ಮ ಉತ್ತರ ಭಾರತದ ಚರ್ಮದ ಜೋಡು ಮೋಜಡಿಯೂ ಹೀಗೇ ಅಲ್ವಾ? ಎಡ-ಬಲ ಇಲ್ಲ, ಕಾಲು ತೂರಿಸಿದರೆ ಆಯಿತು.

ಈಗ ಪದ. 'ಪಾದುಕೆ' ಅಂದರೆ ರಾಮನ ನೆನಪು, ಬೇಡ. 'ಪಾದರಕ್ಷೆ' ಅಂಗಡಿ ಬೋರ್ಡಿನ ಮಾತು. 'ಬೂಟು' ಭಾರ ಜಾಸ್ತಿ, ಅದೂ ಅಲ್ಲದೆ ಅದೇ ಬರಹದಲ್ಲಿ ಗುಂಡಿ ಹಾಕುವ ನಿಜವಾದ ಬೂಟುಗಳೂ ಬರುತ್ತವೆ. 'ಮೆಟ್ಟು' ಒಳ್ಳೆಯ ಪದವೇ, ಆದರೆ ರೇಷ್ಮೆಯ ಜೊತೆ ಕೂತುಕೊಳ್ಳುತ್ತಿಲ್ಲ. ಸದ್ಯಕ್ಕೆ 'ಸ್ಯಾಟಿನ್ ಜೋಡು' ಅಂತ ಬರೆದುಕೊಂಡಿದ್ದೇನೆ. ನಮ್ಮಜ್ಜಿ ಕಾಲು ಮುಚ್ಚುವ ಜೋಡಿಗೆ 'ಚಡಾವು' ಅನ್ನುತ್ತಿದ್ದರು. ಮನಸ್ಸು ಅತ್ತ ಎಳೆಯುತ್ತಿದೆ.

ನಿಮ್ಮ ಕಡೆ ಚಡಾವು ಇನ್ನೂ ಮಾತಿನಲ್ಲಿದೆಯಾ? ಇದ್ದರೆ ಅದನ್ನು 'ಮೆಟ್ಟುತ್ತೀರಾ', 'ಹಾಕುತ್ತೀರಾ', 'ತೊಡುತ್ತೀರಾ'?