ಮೆಚ್ಚಿನ ರೋಮನ್ ನಾಣ್ಯ ಯಾವುದು, ಅದು ಕೈಸೇರುವ ದಾರಿ ಯಾವುದು?

ಕಂಚುಕಣ (ಪ್ರಶ್ನೆ):
ಎಲ್ಲರಿಗೂ ನಮಸ್ಕಾರ. ನನ್ನ ಬಳಿ ಇರುವುದೆಲ್ಲ ನಾಲ್ಕನೇ ಶತಮಾನದ ಸಣ್ಣ ಕಂಚಿನ ನಾಣ್ಯಗಳು. ಕಾನ್‌ಸ್ಟಂಟೈನ್ ಮತ್ತು ಅವನ ಮಕ್ಕಳ ಕಾಲದವು. ಈಗ ಬೆಳ್ಳಿಯ ಕಡೆ ಹೋಗಬೇಕು ಅಂತಿದ್ದೇನೆ. ಪಳಗಿದವರು ಮೂರು ವಿಷಯ ಹೇಳಿದರೆ ಉಪಕಾರ. ನಿಮಗೆ ತುಂಬ ಇಷ್ಟವಾದ ನಾಣ್ಯ ಯಾವುದು, ಯಾಕೆ? ಅಂಥದ್ದು ಸಿಗುವುದು ಹರಾಜಿನಲ್ಲೋ, ಅಂಗಡಿಯಲ್ಲೋ, ರಾಶಿ ಲಾಟ್‌ಗಳಲ್ಲೋ? ದುಡ್ಡು ಕೊಡುವ ಮೊದಲು ಏನೇನು ನೋಡಬೇಕು? "ನಂಬಿಕಸ್ತರಲ್ಲಿ ಕೊಳ್ಳಿ" ಅನ್ನುವುದು ಗೊತ್ತಿದೆ. ಅದರ ಮುಂದಿನದ್ದು ಬೇಕು.

ಟಂಕಸಾಲೆ_ಮಣಿ:
ನನ್ನ ಉತ್ತರ ಒಂದು ನಾಣ್ಯವಲ್ಲ, ಒಂದು ಸರಣಿ. ಮೊದಲನೇ ಫಿಲಿಪ್ ಚಕ್ರವರ್ತಿ ಕ್ರಿ.ಶ. 248ರಲ್ಲಿ ರೋಮ್ ನಗರದ ಸಾವಿರ ವರ್ಷದ ಉತ್ಸವ ನಡೆಸಿದಾಗ ಅಚ್ಚಾದ, ಪ್ರಾಣಿಗಳ ಚಿತ್ರವಿರುವ ಬೆಳ್ಳಿಬೆರಕೆ ನಾಣ್ಯಗಳಾದ ಆಂಟೋನಿನಿಯಾನಸ್‌ಗಳು. ಹಿಂಬದಿಯಲ್ಲಿ 'ಸೇಕುಲಾರೆಸ್ ಆಗ್' ಎಂಬ ಬರಹ, ನಡುವೆ ಪ್ರಾಣಿ, ಅದರ ಕಾಲ ಕೆಳಗಿನ ಗೆರೆಯ ತಳಕ್ಕೆ ಒಂದು ರೋಮನ್ ಅಂಕೆ. ಸರಣಿಯ ಸೊಗಸೆಲ್ಲ ಆ ಅಂಕೆಯಲ್ಲಿದೆ. ರೋಮ್ ಟಂಕಸಾಲೆಯ ಆರು ವಿಭಾಗಗಳು ತಲಾ ಒಂದು ಪ್ರಾಣಿಯನ್ನು ಹಂಚಿಕೊಂಡಿದ್ದವು. ಸಿಂಹ ಒಂದನೇ ವಿಭಾಗದ್ದು, ಅವಳಿ ಮಕ್ಕಳಿಗೆ ಹಾಲೂಡುವ ತೋಳ ಎರಡನೆಯದರದು. ಮೂರನೆಯದು ಮಗ ಎರಡನೇ ಫಿಲಿಪ್‌ನ ಹೆಸರಿನಲ್ಲಿದೆ, ಪ್ರಾಣಿಯನ್ನು ಕೆಲವು ಕ್ಯಾಟಲಾಗ್‌ಗಳು ಮೇಕೆ ಅನ್ನುತ್ತವೆ, ಕೆಲವು ಎಲ್ಕ್ ಅನ್ನುತ್ತವೆ. ನಾಲ್ಕನೆಯದು ರಾಣಿ ಒಟಾಸಿಲಿಯಾ ಸೆವೆರಾಳ ನೀರಾನೆ. ಐದು ಗಂಡುಜಿಂಕೆ, ಆರು ಆಂಟಿಲೋಪ್. ಟಂಕಸಾಲೆಯೊಳಗೆ ಕೆಲಸ ಹೇಗೆ ಹಂಚಿಕೆಯಾಗಿತ್ತು ಅನ್ನುವುದನ್ನು ಆರೇ ನಾಣ್ಯಗಳಲ್ಲಿ ಅಂಗೈ ಮೇಲೆ ತೋರಿಸುವ ಸರಣಿ ಬೇರೊಂದಿಲ್ಲ ಅಂತ ನನ್ನ ಅಭಿಪ್ರಾಯ. ಆರ್‌ಐಸಿ ಎಂಬ ರೋಮನ್ ನಾಣ್ಯಗಳ ಪ್ರಮಾಣ ಕ್ಯಾಟಲಾಗ್‌ನ ನಾಲ್ಕನೇ ಸಂಪುಟದ ಮೂರನೇ ಭಾಗದಲ್ಲಿ ಸಿಂಹ 12, ತೋಳ 15, ನೀರಾನೆ 116 ಎಂದು ಹುಡುಕಿ.

ಗುರುತು ಹಿಡಿಯುವುದು ಕಷ್ಟವಲ್ಲ. ಚಕ್ರವರ್ತಿಯ ತಲೆಗೆ ಸೂರ್ಯಕಿರಣದಂಥ ಮೊನೆಗಳ ಕಿರೀಟ, ರಾಣಿಯ ಎದೆಯ ಕೆಳಗೆ ಅರ್ಧಚಂದ್ರ. ತೂಕ ಸಾಮಾನ್ಯವಾಗಿ 3.5ರಿಂದ 4.5 ಗ್ರಾಂ. ಬೆಳ್ಳಿ ಅರ್ಧಕ್ಕಿಂತ ಕಡಿಮೆ, ಉಳಿದದ್ದು ಬಹುಪಾಲು ತಾಮ್ರ. ಮುಂದಿನ ಇಪ್ಪತ್ತೈದು ವರ್ಷಗಳಲ್ಲಿ ಇದೇ ಜಾತಿಯ ನಾಣ್ಯದ ಬೆಳ್ಳಿ ನೂರಕ್ಕೆ ಐದಕ್ಕಿಂತ ಕೆಳಗೆ ಇಳಿದುಹೋಯಿತು. ಹಾಗಾಗಿ ಬೆಳ್ಳಿಯ ಬಣ್ಣ ಇನ್ನೂ ಉಳಿದಿರುವ ಕೊನೆಯ ಕಾಲದ ನಾಣ್ಯಗಳಲ್ಲಿ ಇವೂ ಸೇರುತ್ತವೆ.

ಕೊಳ್ಳುವ ದಾರಿ: ಸಿಂಹ, ಜಿಂಕೆ, ಆಂಟಿಲೋಪ್ ಯುರೋಪಿನ ಆನ್‌ಲೈನ್ ಹರಾಜುಗಳಲ್ಲಿ ಮತ್ತೆ ಮತ್ತೆ ಬರುತ್ತವೆ. ಒಂದು ತಪ್ಪಿದರೆ ಇನ್ನೊಂದು ಬರುತ್ತದೆ, ಅವಸರ ಬೇಡ. ನೀರಾನೆಗೆ ಮಾತ್ರ ಪೈಪೋಟಿ ಜಾಸ್ತಿ. ಅದನ್ನು ಮೊದಲು ಕೊಳ್ಳಿ, ಉಳಿದವನ್ನು ಅದೇ ದರ್ಜೆಗೆ ಹೊಂದಿಸಿಕೊಳ್ಳಿ. ಮೊದಲು ಐದು ಅಚ್ಚುಕಟ್ಟಾದ ನಾಣ್ಯ ಕೂಡಿಸಿಕೊಂಡು ಆಮೇಲೆ ಸವೆದ ನೀರಾನೆಗೆ ತೃಪ್ತಿಪಡಬೇಕಾಗಿ ಬಂದರೆ ಸರಣಿ ಚೆನ್ನಾಗಿ ಕಾಣುವುದಿಲ್ಲ. ವಿಭಾಗದ ಅಂಕೆ ಬಿಲ್ಲೆಯ ಹೊರಗೆ ಹೋಗಿರುವ ನಾಣ್ಯವನ್ನು, ಪ್ರಾಣಿ ಎಷ್ಟೇ ಚೆನ್ನಾಗಿರಲಿ, ಬಿಟ್ಟುಬಿಡಿ.

ಸವಾಲಿನ ಲೆಕ್ಕ ಹಿಂದಿನಿಂದ ಹಾಕಬೇಕು. ಒಟ್ಟು ಮಿತಿ 200 ಯೂರೊ, ಸಾಗಣೆ 20 ಅಂದುಕೊಳ್ಳಿ. ಉಳಿಯುವುದು 180. ಹರಾಜು ಮನೆಯ ಪ್ರೀಮಿಯಂ (ಸವಾಲಿನ ಮೇಲೆ ಸೇರುವ ಅವರ ಶುಲ್ಕ) ನೂರಕ್ಕೆ 20 ಇದ್ದರೆ 180ನ್ನು 1.2ರಿಂದ ಭಾಗಿಸಿ. ನಿಮ್ಮ ಗರಿಷ್ಠ ಸವಾಲು 150. ಆಮದು ತೆರಿಗೆ ಇದ್ದರೆ ಅದನ್ನೂ ಮೊದಲೇ ಕಳೆಯಿರಿ. ಈ ಅಂಕಿಯನ್ನು ಹರಾಜಿನ ಹಿಂದಿನ ದಿನವೇ ಗೈರುಹಾಜರಿ ಸವಾಲಾಗಿ ಹಾಕಿ ಸುಮ್ಮನಿರುವುದು ಮೇಲು. ನೇರ ಪ್ರಸಾರದಲ್ಲಿ ಕೂತರೆ ಮಿತಿ ದಾಟುವುದು ತೀರ ಸುಲಭ.

ಇಷ್ಟದ ನಾಣ್ಯ ಕಣ್ಣಿಗೆ ಬಿದ್ದ ಕೂಡಲೇ ಎಸಿಸರ್ಚ್‌ನಂಥ ಹಳೆ ಹರಾಜುಗಳ ಭಂಡಾರದಲ್ಲಿ ಅದೇ ಬಗೆಯ ನಲವತ್ತು ಐವತ್ತು ಚಿತ್ರ ನೋಡಿ. ಬೆಲೆ ತಿಳಿಯುವುದಕ್ಕೆ ಮಾತ್ರ ಅಲ್ಲ. ಎರಡು ನಾಣ್ಯ ಒಂದೇ ಅಚ್ಚಿನಿಂದ ಬಂದಿರುವುದು ಸಹಜ. ಆದರೆ ಬಿಲ್ಲೆಯ ಹೊರ ಆಕಾರ, ಅಂಚಿನ ಸೀಳು, ಅಚ್ಚು ಬಿದ್ದ ಜಾಗ, ಕೆನ್ನೆಯ ಮೇಲಿನ ಗೀರು ಎಲ್ಲವೂ ಎರಡರಲ್ಲಿ ಒಂದೇ ಆಗಿದ್ದು, ಅವು ಒಂದೇ ನಾಣ್ಯದ ಎರಡು ಚಿತ್ರಗಳಲ್ಲ ಅಂತಾದರೆ ಕನಿಷ್ಠ ಒಂದಾದರೂ ನಕಲು. ಪ್ರತಿ ಬಿಲ್ಲೆಯನ್ನೂ ಸುತ್ತಿಗೆಯಿಂದ ಬೇರೆ ಬೇರೆಯಾಗಿ ಹೊಡೆದದ್ದು. ಎರಡು ಏಟು ಒಂದೇ ಥರ ಬೀಳುವುದಿಲ್ಲ.

ಹಳೆಬೆಳ್ಳಿ:
ಮಣಿ ಸರ್ ಹೇಳಿದ ಕೊನೆಯ ಮಾತನ್ನು ಬರೆದಿಟ್ಟುಕೊಳ್ಳಿ. ನನ್ನ ಆಯ್ಕೆ ರೋಮನ್ ಸೇನಾನಿ ಮಾರ್ಕ್ ಆಂಟನಿಯ ಲೀಜನ್ (ಸೇನಾದಂಡು) ದೀನಾರಿಯಸ್ ಎಂಬ ಬೆಳ್ಳಿ ನಾಣ್ಯ. ಕ್ರಿ.ಪೂ. 32–31ರಲ್ಲಿ, ಆಕ್ಟಿಯಂ ಕದನಕ್ಕೆ ಮುಂಚೆ, ಸೈನಿಕರ ಸಂಬಳಕ್ಕೆಂದು ಭಾರಿ ಸಂಖ್ಯೆಯಲ್ಲಿ ಅಚ್ಚಾದವು. ಒಂದು ಬದಿಗೆ ಹುಟ್ಟುಗಳ ಸಾಲಿರುವ ಯುದ್ಧನೌಕೆ, ಇನ್ನೊಂದು ಬದಿಗೆ ಎರಡು ಧ್ವಜಗಳ ನಡುವೆ ಲೀಜನ್ನಿನ ಹದ್ದು, ಕೆಳಗೆ ದಂಡಿನ ಸಂಖ್ಯೆ. ಆ ಕಾಲದ ಬೇರೆ ದೀನಾರಿಯಸ್‌ಗಳಿಗಿಂತ ಬೆಳ್ಳಿ ಕೊಂಚ ಕಡಿಮೆ. ಅದಕ್ಕೇ ಜನ ಇವನ್ನು ಕರಗಿಸದೆ ಚಲಾವಣೆಯಲ್ಲೇ ಬಿಟ್ಟರು, ಇನ್ನೂರು ವರ್ಷಕ್ಕೂ ಮಿಕ್ಕಿ ಕೈಯಿಂದ ಕೈಗೆ ಓಡಾಡಿದವು. ಮಾರ್ಕಸ್ ಔರೇಲಿಯಸ್ ಮತ್ತು ಲೂಸಿಯಸ್ ವೇರಸ್ ಆರನೇ ಲೀಜನ್ನಿನ ನಾಣ್ಯವನ್ನು ತಮ್ಮ ಹೆಸರು ಸೇರಿಸಿ ಮತ್ತೆ ಅಚ್ಚು ಹಾಕಿಸಿದರು. ಆಂಟನಿ ಸತ್ತು ಸುಮಾರು ಎರಡು ಶತಮಾನ ಕಳೆದಿದ್ದರೂ ಜನ ಅದನ್ನು ಗುರುತಿಸುತ್ತಿದ್ದರು ಅಂದಂತಾಯಿತು.

ಸವೆದ ನಾಣ್ಯ ಕೊಳ್ಳುವುದಕ್ಕೆ ಹಿಂಜರಿಯಬೇಡಿ. ಇಲ್ಲಿ ಸವೆತವೇ ಚರಿತ್ರೆ. ದಂಡಿನ ಸಂಖ್ಯೆ ಓದಲು ಬಂದರೆ ಸಾಕು. ಎರಡರಿಂದ ಇಪ್ಪತ್ಮೂರರವರೆಗಿನ ಸಂಖ್ಯೆಗಳು ಮಾಮೂಲು. ಒಂದನೇ ಲೀಜನ್ ಅಪರೂಪ, ಇಪ್ಪತ್ಮೂರಕ್ಕಿಂತ ಮೇಲಿನದು ಕಂಡರೆ ಅನುಮಾನಿಸಿ. ಮಾಮೂಲು ಸಂಖ್ಯೆಗೆ ಒಂದು ಗೆರೆ ಕೆತ್ತಿ ಅಪರೂಪದ್ದನ್ನಾಗಿ ಮಾಡುವವರಿದ್ದಾರೆ. ಹತ್ತು ಪಟ್ಟು ದೊಡ್ಡದಾಗಿ ತೋರಿಸುವ ಭೂತಗನ್ನಡಿಯಲ್ಲಿ ಅಚ್ಚೊತ್ತಿದ ಗೆರೆ ಮೈಯಿಂದ ಉಬ್ಬಿರುತ್ತದೆ. ಕೆತ್ತಿ ಉಳಿಸಿದ ಗೆರೆಯ ಸುತ್ತ ಮೈ ತಗ್ಗಾಗಿರುತ್ತದೆ.

ಬೆಳ್ಳಿಯಲ್ಲಿ ಎರಡು ಬಗೆಯ ಮೋಸ ಇದೆ. ಒಂದು ಈಗಿನ ಎರಕ. ಅಕ್ಷರದ ಅಂಚು ಸಾಬೂನಿನಂತೆ ಮೊಂಡಾಗಿರುತ್ತದೆ, ಮೈಮೇಲೆ ಗಾಳಿಗುಳ್ಳೆಯ ದುಂಡು ಚುಕ್ಕಿಗಳು, ಅಂಚಿನಲ್ಲಿ ಬೆಸುಗೆಯ ಗೆರೆ ಅಥವಾ ಅದನ್ನು ಅಳಿಸಿದ ಅರದ ಗುರುತು. ಅದಕ್ಕೇ ಮಾರುವವರಿಂದ ಅಂಚಿನ ಚಿತ್ರ ಕೇಳಿ ಪಡೆಯಬೇಕು. ಇನ್ನೊಂದು ಆಗಿನ ಕಾಲದ್ದೇ ಮೋಸ: ಒಳಗೆ ತಾಮ್ರ, ಹೊರಗೆ ಬೆಳ್ಳಿಯ ಹೊದಿಕೆ. ಇದನ್ನು ಫುರ್ರೆ ಅನ್ನುತ್ತಾರೆ. ಫುರ್ರೆ ಎಂದು ಹೇಳಿ ಮಾರಿದರೆ ಅದೂ ಸಂಗ್ರಹಕ್ಕೆ ಯೋಗ್ಯ. ಹೇಳದೆ ಮಾರಿದರೆ ವಾಪಸ್ ಮಾಡಿ.

ಪರೀಕ್ಷೆಗೆ ಸಾಪೇಕ್ಷ ಸಾಂದ್ರತೆ ಅಳೆಯಿರಿ. ನಾಣ್ಯವನ್ನು ಒಣಗಿದ್ದಾಗ ತೂಗಿ. ಆಮೇಲೆ ತಕ್ಕಡಿಯ ಮೇಲೆ ಒಂದು ಲೋಟ ನೀರಿಟ್ಟು ಸೊನ್ನೆಗೆ ತನ್ನಿ. ನಾಣ್ಯವನ್ನು ಸಣ್ಣ ನೂಲಿಗೆ ಕಟ್ಟಿ, ತಳಕ್ಕೂ ಬದಿಗೂ ತಾಗದಂತೆ ಪೂರ್ತಿ ಮುಳುಗಿಸಿ ಹಿಡಿಯಿರಿ. ಮೈಗೆ ಅಂಟಿದ ಗುಳ್ಳೆಗಳನ್ನು ಕುಂಚದಿಂದ ತೆಗೆಯಿರಿ. ಈಗ ಬರುವ ಅಂಕಿಯಿಂದ ಒಣ ತೂಕವನ್ನು ಭಾಗಿಸಿ. 3.40 ಗ್ರಾಂ ನಾಣ್ಯಕ್ಕೆ 0.330 ಬಂದರೆ ಸಾಂದ್ರತೆ 10.3. ಶುದ್ಧ ಬೆಳ್ಳಿ 10.49, ತಾಮ್ರ 8.96 ಇರುವುದರಿಂದ ಇದು ಒಳ್ಳೆ ಬೆಳ್ಳಿ. 0.370 ಬಂದರೆ 9.2ರ ಹತ್ತಿರ, ಒಳಗೆ ತಾಮ್ರ ಇದೆ ಅಂತ ಗುಮಾನಿ ಪಡಿ. ತಪ್ಪಾಗುವುದು ತಕ್ಕಡಿಯಲ್ಲಿ. 0.01 ಗ್ರಾಂ ತೋರಿಸುವ ತಕ್ಕಡಿಯಲ್ಲಿ ಒಂದೇ ಅಂಕಿ ಆಚೀಚೆಯಾದರೂ ಉತ್ತರ 10.0ರಿಂದ 10.6ರವರೆಗೆ ಓಲಾಡುತ್ತದೆ. 0.001 ಗ್ರಾಂ ತೋರಿಸುವುದೇ ಬೇಕು. ಮಣ್ಣಿನಲ್ಲಿದ್ದು ಒಳಗೆ ಟೊಳ್ಳುಬಿದ್ದ ಬೆಳ್ಳಿಯೂ ಕಡಿಮೆ ಅಂಕಿ ತೋರಿಸುತ್ತದೆ, ಆದ್ದರಿಂದ ಇದೊಂದನ್ನೇ ನೆಚ್ಚಿ ತೀರ್ಪು ಕೊಡಬೇಡಿ. ಫಿಲಿಪ್‌ನ ಪ್ರಾಣಿಗಳಿಗಂತೂ ಈ ಪರೀಕ್ಷೆ ಹೊಂದುವುದಿಲ್ಲ, ಅಲ್ಲಿ ತಾಮ್ರ ಮೊದಲೇ ಬೆರೆತಿದೆ.

ಮೇಜಿನ ಮೇಲೆ ಬೀಳಿಸಿ ಸದ್ದು ಕೇಳುವ ಪರೀಕ್ಷೆಯನ್ನು ದಯವಿಟ್ಟು ಯಾರೂ ಮಾಡಬೇಡಿ. ಎರಡು ಸಾವಿರ ವರ್ಷದ ಬೆಳ್ಳಿ ಒಳಗೊಳಗೇ ಹರಳುಗಟ್ಟಿ ಪೆಡಸಾಗಿರುತ್ತದೆ. ಬಿದ್ದರೆ ಎರಡು ತುಂಡು.

ಕಂಚುಕಣ:
ಇಬ್ಬರಿಗೂ ತುಂಬ ಧನ್ಯವಾದ. ನೀರಾನೆಯಿಂದಲೇ ಶುರು ಮಾಡುವ ಮನಸ್ಸಾಗಿದೆ. ಇನ್ನೊಂದು ಸಣ್ಣ ಪ್ರಶ್ನೆ. ನನ್ನ ಬಳಿಯ, ತೋಳದ ಚಿತ್ರವಿರುವ ನಾಲ್ಕನೇ ಶತಮಾನದ ಕಂಚಿನ ನಾಣ್ಯವೊಂದರ ಮೇಲೆ ತಿಳಿಹಸಿರು ಚುಕ್ಕಿ ಕಾಣುತ್ತಿದೆ. ಕಿಲುಬು ಅಂತ ಬಿಡಬಹುದೇ? ಅದು ಕಾನ್‌ಸ್ಟಾಂಟಿನೋಪಲ್‌ನದ್ದು ಎಂದು ಮಾರಿದ್ದರು, ಕೆಳಗೆ 'ಪಿ' ಆಮೇಲೆ 'ಕಾನ್‌ಸ್ಟ್' ಅಂತಿದೆ.

ನಾಲ್ಕನೇಶತಕ:
ಮೊದಲು ಊರಿನ ವಿಷಯ. ಅದು ಕಾನ್‌ಸ್ಟಾಂಟಿನೋಪಲ್ ಅಲ್ಲ, ಗಾಲ್ ನಾಡಿನ ಆರ್ಲ್. ಆ ಊರಿಗೆ ಕಾನ್‌ಸ್ಟಾಂಟಿನಾ ಎಂದು ಹೆಸರಿಟ್ಟಿದ್ದರಿಂದ ಅಲ್ಲಿನ ಗುರುತು 'ಕಾನ್‌ಸ್ಟ್' ಆಯಿತು, ಮುಂದೆ ಲ್ಯಾಟಿನ್ ವಿಭಾಗಾಕ್ಷರ 'ಪಿ' ಅಥವಾ 'ಎಸ್'. ಕಾನ್‌ಸ್ಟಾಂಟಿನೋಪಲ್‌ನಲ್ಲಿ 'ಟಿ' ಇಲ್ಲದ 'ಕಾನ್ಸ್' ಮೊದಲು ಬಂದು ಗ್ರೀಕ್ ಅಕ್ಷರ ಕೊನೆಗೆ ಬರುತ್ತದೆ. ಮಾರುವವರು ಇದನ್ನು ಪದೇಪದೇ ತಪ್ಪು ಹೇಳುತ್ತಾರೆ, ಹಾಗಾಗಿ ತೋಳದ ನಾಣ್ಯಗಳನ್ನು ಊರುವಾರು ಕೂಡಿಸುವವರಿಗೆ ರಾಶಿ ಲಾಟ್‌ಗಳಲ್ಲಿ ಒಳ್ಳೆಯ ಬೇಟೆ ಸಿಗುತ್ತದೆ. ಟ್ರಿಯರ್‌ನ 'ಟಿಆರ್‌ಪಿ', ಲಿಯಾನ್‌ನ 'ಪಿಎಲ್‌ಜಿ', ಅಂಟಿಯೋಕ್‌ನ 'ಎಸ್‌ಎಂಎಎನ್' ಕಲಿತುಕೊಳ್ಳಿ. ಕ್ರಿ.ಶ. 330ರಿಂದ ಅಚ್ಚಾದ ಮೊದಲ ಗುಂಪು 2.5 ಗ್ರಾಂ ಆಸುಪಾಸು, 335ರ ನಂತರದ್ದು 1.5ರ ಹತ್ತಿರ. ತೂಕವೇ ಕಾಲ ಹೇಳುತ್ತದೆ. ರಾಶಿ ಲಾಟ್‌ಗೆ ಸಾಮಾನ್ಯವಾಗಿ ವಾಪಸಾತಿ ಇರುವುದಿಲ್ಲ, ಆದ್ದರಿಂದ ಚಿತ್ರದಲ್ಲಿ ಓದಲು ಬರುವ ನಾಣ್ಯಗಳ ಬೆಲೆಯನ್ನಷ್ಟೇ ಲೆಕ್ಕಕ್ಕೆ ಹಿಡಿಯಿರಿ.

ಇನ್ನು ಚುಕ್ಕಿ. ಗಟ್ಟಿಯಾಗಿ, ನುಣ್ಣಗೆ ಮೈಗಂಟಿದ ಹಸಿರು ಪಟಿನಾ (ಕಾಲಕ್ರಮದಲ್ಲಿ ಕಟ್ಟಿದ ಪದರ) ಆದರೆ ಮುಟ್ಟಬೇಡಿ. ಹಲ್ಲುಕಡ್ಡಿಯಿಂದ ಒತ್ತಿದಾಗ ಪುಡಿಪುಡಿಯಾಗಿ ಬರುವ ತಿಳಿಹಸಿರಾದರೆ ಅದು ಕಂಚಿನ ರೋಗ. ಲೋಹದೊಳಗಿನ ತಾಮ್ರದ ಕ್ಲೋರೈಡ್ ಗಾಳಿಯ ತೇವದೊಂದಿಗೆ ಸೇರಿ ಆಮ್ಲ ಉಂಟಾಗುತ್ತದೆ, ಆ ಆಮ್ಲ ಮತ್ತಷ್ಟು ತಾಮ್ರವನ್ನು ತಿನ್ನುತ್ತದೆ. ಸಂದೇಹವಿದ್ದರೆ ಮುಚ್ಚಿದ ಡಬ್ಬಿಯಲ್ಲಿ ಒದ್ದೆ ಹತ್ತಿಯ ಪಕ್ಕದಲ್ಲಿ, ತಾಗದಂತೆ, ಒಂದು ದಿನ ಇಡಿ. ಹೊಸ ಪುಡಿ ಎದ್ದರೆ ರೋಗ ಖಚಿತ. ಆ ನಾಣ್ಯವನ್ನು ಇಂದೇ ಉಳಿದವುಗಳಿಂದ ಬೇರೆ ಮಾಡಿ.

ಪುಡಿಯನ್ನು ಭೂತಗನ್ನಡಿಯ ಕೆಳಗೆ ಮುಳ್ಳಿನಿಂದ ಕೆರೆದು ತೆಗೆಯಿರಿ. ಒಂದು ಲೀಟರ್ ಬಟ್ಟಿ ಇಳಿಸಿದ ನೀರಿಗೆ 50 ಗ್ರಾಂ ಸೋಡಿಯಂ ಸೆಸ್ಕ್ವಿಕಾರ್ಬೊನೇಟ್ ಕರಗಿಸಿ ಅದರಲ್ಲಿ ನೆನೆಹಾಕಿ, ವಾರಕ್ಕೊಮ್ಮೆ ದ್ರಾವಣ ಬದಲಿಸಿ. ಕೆಲವು ವಾರ, ಕೆಲವೊಮ್ಮೆ ತಿಂಗಳುಗಳೇ ಬೇಕು. ಪಟಿನಾದ ಬಣ್ಣ ಸ್ವಲ್ಪ ಬದಲಾಗಬಹುದು, ಅದಕ್ಕೆ ಸಿದ್ಧರಿರಿ. ಆಮೇಲೆ ಬರಿಯ ಬಟ್ಟಿ ನೀರಿನಲ್ಲಿ ಹಲವು ಸಲ ತೊಳೆದು, ಪೂರ್ತಿ ಒಣಗಿಸಿ, ಎಥನಾಲ್‌ನಲ್ಲಿ ನೂರಕ್ಕೆ 3ರಷ್ಟು ಬೆಂಜೊಟ್ರಯಜೋಲ್ ಕರಗಿಸಿ ಒಂದು ದಿನ ಇಡಿ. ಇದು ವಿಷಕಾರಿ. ಕೈಗವಸು, ತೆರೆದ ಕಿಟಕಿ ಕಡ್ಡಾಯ. ಕೊನೆಗೆ ಮೈಕ್ರೊಕ್ರಿಸ್ಟಲಿನ್ ಮೇಣದ ತೆಳು ಲೇಪ. ಇಡುವ ಡಬ್ಬಿಯ ತೇವಾಂಶ ಶೇಕಡ 40ರ ಕೆಳಗಿರಲಿ, ಸಿಲಿಕಾ ಜೆಲ್ ಹಾಕಿ. ವಿನೆಗರ್, ನಿಂಬೆರಸ, ತಂತಿಕುಂಚ ಯಾವುದೂ ಬೇಡ. ಪಿವಿಸಿ ಲಕೋಟೆಗಳೂ ಬೇಡ, ಅವು ಕಾಲಕ್ರಮದಲ್ಲಿ ಹಸಿರು ಜಿಗುಟು ಬಿಡುತ್ತವೆ. ಮೈಲಾರ್ (ಪಾಲಿಯೆಸ್ಟರ್ ಹಾಳೆ) ಲಕೋಟೆ ಬಳಸಿ. ಮರದ ತಟ್ಟೆಯಾದರೆ ಮಹಾಗನಿ ಆಗಬಹುದು, ಆಮ್ಲದ ಆವಿ ಬಿಡುವ ಓಕ್ ಬೇಡ.

ಕಾಗದಪತ್ರ:
ಒಂದು ಮಾತು ಸೇರಿಸುತ್ತೇನೆ. ನಾಣ್ಯ ಅಸಲಿ ಆಗಿದ್ದರೆ ಸಾಲದು, ಅದು ಬಂದ ದಾರಿಯೂ ಅಸಲಿ ಇರಬೇಕು. ಸೀಸರ್ ಹತ್ಯೆಯ ನೆನಪಿಗೆ ಬ್ರೂಟಸ್ ಅಚ್ಚು ಹಾಕಿಸಿದ 'ಐದ್ ಮಾರ್' ಚಿನ್ನದ ನಾಣ್ಯವೊಂದು 2020ರಲ್ಲಿ ಲಂಡನ್ನಿನಲ್ಲಿ 30 ಲಕ್ಷ ಪೌಂಡಿಗೂ ಮೇಲೆ ಹರಾಜಾಯಿತು. ಹಿಂದಿನ ಒಡೆತನದ ದಾಖಲೆ ಸುಳ್ಳು ಎಂದು ತನಿಖೆಯಲ್ಲಿ ಹೊರಬಿದ್ದು 2023ರಲ್ಲಿ ನಾಣ್ಯ ಗ್ರೀಸ್‌ಗೆ ಮರಳಿತು.

ಪುರಾತನ ವಸ್ತುಗಳ ಅಕ್ರಮ ಸಾಗಾಟ ತಡೆಯುವ 1970ರ ಯುನೆಸ್ಕೊ ಒಪ್ಪಂದಕ್ಕೆ ಮುಂಚಿನ ದಾಖಲೆ ಇದ್ದರೆ ಎಲ್ಲಕ್ಕಿಂತ ಮೇಲು. ಅಗ್ಗದ ನಾಣ್ಯಗಳಿಗೆ ಅದು ಅಪರೂಪ. ಅಂಥಲ್ಲಿ ಹಿಂದಿನ ಹರಾಜಿನ ಚೀಟಿ, ರಫ್ತು ಪರವಾನಗಿಯ ಪ್ರತಿ ಕೇಳಿ. ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ ಒಂದು ಒಳ್ಳೆಯ ದಾರಿ ಇದೆ. 1996ರ ಟ್ರೆಷರ್ ಕಾಯ್ದೆಯ ಪ್ರಕಾರ ಸಿಕ್ಕ ನಾಣ್ಯನಿಧಿಯನ್ನು ವರದಿ ಮಾಡಬೇಕು. ಯಾವ ವಸ್ತುಸಂಗ್ರಹಾಲಯವೂ ಬಯಸದಿದ್ದರೆ ಅದು ವಾಪಸ್ ಬರುತ್ತದೆ, ಆಮೇಲೆ ಕಾನೂನುಬದ್ಧವಾಗಿ ಮಾರಾಟಕ್ಕೆ ಬರುತ್ತದೆ. ಅಂಥ ನಾಣ್ಯದ ಜೊತೆ, ಜನರಿಗೆ ಸಿಕ್ಕ ಪುರಾತನ ವಸ್ತುಗಳನ್ನು ದಾಖಲಿಸುವ ಪೋರ್ಟಬಲ್ ಆಂಟಿಕ್ವಿಟೀಸ್ ಸ್ಕೀಮ್‌ನ ದಾಖಲೆ ಸಂಖ್ಯೆ ಇದ್ದರೆ ನೀವೇ ಅದರ ಜಾಲತಾಣದಲ್ಲಿ ತಾಳೆ ನೋಡಬಹುದು.

ಹಳೆಯ ಕ್ಯಾಟಲಾಗ್‌ನ ಹೆಸರು ಹೇಳಿದರೆ ಹಾಗೇ ಒಪ್ಪಬೇಡಿ, ಆ ಪುಟದ ಸ್ಕ್ಯಾನ್ ತರಿಸಿ. ಹಳೆಯ ಚಿತ್ರಫಲಕಗಳು ಹಲವು ವೇಳೆ ನಾಣ್ಯದ ಪ್ಲಾಸ್ಟರ್ ಅಚ್ಚಿನವು, ಆದ್ದರಿಂದ ಬಣ್ಣ, ಕಲೆ ಹೋಲಿಸಲಾಗದು. ಬಿಲ್ಲೆಯ ಹೊರಗೆರೆ, ಅಂಚಿನ ಸೀಳು, ಹೊರಗೆ ಹೋದ ಅಕ್ಷರಗಳನ್ನು ಒಂದೊಂದಾಗಿ ಹೋಲಿಸಿ. ನಿಮ್ಮ ಬಳಿ ಬಂದ ಮೇಲೆ ಆ ಚೀಟಿಗಳನ್ನು ನಾಣ್ಯದ ಲಕೋಟೆಯಲ್ಲೇ ತುರುಕದೆ ಬೇರೆ ಆಮ್ಲರಹಿತ ಲಕೋಟೆಯಲ್ಲಿಟ್ಟು, ಎರಡಕ್ಕೂ ಒಂದೇ ಸಂಖ್ಯೆ ಬರೆದಿಡಿ.