ಅಡಿಕೆ ರೇಟು ತಿದ್ದಿದರೆ ಹಳೆಯ ಬಿಲ್ಲೂ ಬದಲಾಗುತ್ತದೆ, ಏನು ಮಾಡಲಿ?

ಪ್ರಶ್ನೆ (ಬದಿಯಡ್ಕದಿಂದ):
ನಮಸ್ಕಾರ. ನಮ್ಮದು ಅಡಿಕೆ ಖರೀದಿ ಅಂಗಡಿ. ಲೆಕ್ಕದ ಸಾಫ್ಟ್‌ವೇರ್ ನಾನೇ ಬರೆದದ್ದು, ಒಳಗೆ ಮರಿಯಾಡಿಬಿ 10.6 ಎಂಬ ಡೇಟಾಬೇಸ್ ಇದೆ. ರೇಟಿನ ಟೇಬಲ್‌ನಲ್ಲಿ ಹೊಸ ಅಡಿಕೆ, ಹಳೆ ಅಡಿಕೆ, ಪಟೋರ, ಉಳ್ಳಿಗಡ್ಡೆ, ಕರಿಗೋಟು ಅಂತ ಒಂದೊಂದಕ್ಕೆ ಒಂದೊಂದು ಸಾಲು. ರೇಟು ಬದಲಾದರೆ ಅದೇ ಸಾಲನ್ನು ತಿದ್ದುತ್ತೇನೆ. ಬಿಲ್ಲಿನ ಟೇಬಲ್‌ನಲ್ಲಿ ತಾರೀಕು, ಬಗೆ, ತೂಕ ಮಾತ್ರ. ಮೊನ್ನೆ ಒಬ್ಬರು ಕೃಷಿಕರು ಮಳೆಗೆ ಒದ್ದೆಯಾದ ಮಾರ್ಚ್ ತಿಂಗಳ ಚೀಟಿ ಹಿಡಿದುಕೊಂಡು ಬಂದು, ಬ್ಯಾಂಕಿಗೆ ಕೊಡಲು ಇನ್ನೊಂದು ಪ್ರತಿ ಕೇಳಿದರು. ಪ್ರಿಂಟ್ ಕೊಟ್ಟರೆ ಇವತ್ತಿನ ರೇಟಿನಲ್ಲಿ ಲೆಕ್ಕ ಬಂತು! ಅವರ ಮುಂದೆ ನನಗೆ ಮಾತೇ ಹೊರಡಲಿಲ್ಲ. ಸಿಸ್ಟಮ್ ವರ್ಷನಿಂಗ್ (ತಿದ್ದಿದ ಸಾಲಿನ ಹಳೆಯ ರೂಪವನ್ನು ಡೇಟಾಬೇಸೇ ಉಳಿಸಿಕೊಳ್ಳುವ ಸೌಲಭ್ಯ) ಆನ್ ಮಾಡಿದರೆ ಎಲ್ಲ ಸರಿಯಾಗುತ್ತದೆ ಅಂತ ಗೆಳೆಯ ಹೇಳುತ್ತಾನೆ. ಹೌದಾ?

ಉತ್ತರ:
ಪೂರ್ತಿ ಸರಿಯಾಗುವುದಿಲ್ಲ. ಮೊದಲು ಮಾಡಬೇಕಾದ್ದು ಬೇರೆ. ಬಿಲ್ಲು ಮಾಡುವಾಗಲೇ ಆ ರೇಟನ್ನು ಬಿಲ್ಲಿನ ಸಾಲಿನೊಳಗೇ ಬರೆದಿಡಿ. ಒಂದೇ ಮಾಹಿತಿ ಎರಡು ಕಡೆ ಇರಬಾರದು ಅಂತ ನಾವು ಕಲಿತಿರುತ್ತೇವೆ, ಅದಕ್ಕೇ ಹೆಚ್ಚಿನವರು ಇಲ್ಲಿ ಹಿಂಜರಿಯುತ್ತಾರೆ. ಆದರೆ ಇವು ಒಂದೇ ಮಾಹಿತಿ ಅಲ್ಲ. ರೇಟಿನ ಟೇಬಲ್ ಹೇಳುವುದು ಮಾರುಕಟ್ಟೆಯ ಬೆಲೆ, ಬಿಲ್ಲು ಹೇಳುವುದು ನೀವು ಆ ಮನುಷ್ಯನಿಗೆ ಒಪ್ಪಿಕೊಂಡ ಬೆಲೆ. ಅದು ಆಮೇಲೆ ಬದಲಾಗುವಂತಿಲ್ಲ.

ಎರಡನೆಯದು, ರೇಟಿನ ಸಾಲನ್ನು ತಿದ್ದುವುದನ್ನೇ ಬಿಡಿ. ಪ್ರತಿ ಸಲ ಹೊಸ ಸಾಲು ಸೇರಿಸಿ: ಬಗೆ, ರೇಟು, ಯಾವಾಗಿನಿಂದ. ಆ ದಿನದ ರೇಟು ಬೇಕಾದರೆ, ಆ ದಿನ ಅಥವಾ ಅದಕ್ಕಿಂತ ಮೊದಲು ಶುರುವಾದ ಸಾಲುಗಳಲ್ಲಿ ಕೊನೆಯದನ್ನು ತೆಗೆದರೆ ಸಾಕು. ರೇಟಿಗೆ ಮುಗಿಯುವ ತಾರೀಕು ಬೇಡ ಅಂತಲೇ ನನ್ನ ಅಭಿಪ್ರಾಯ, ಯಾಕೆಂದರೆ ಹೊಸದು ಬಂದ ಕ್ಷಣ ಹಳೆಯದು ತಾನೇ ಮುಗಿಯುತ್ತದೆ. ಎರಡು ತಾರೀಕು ಇಟ್ಟರೆ ನಡುವೆ ಸಂದು ಬೀಳುತ್ತದೆ, ಇಲ್ಲವೇ ಒಂದರ ಮೇಲೊಂದು ಬರುತ್ತದೆ, ಮತ್ತೆ ಅದನ್ನು ಕಾಯುವುದೇ ಒಂದು ಕೆಲಸ.

ಇನ್ನು ಸಿಸ್ಟಮ್ ವರ್ಷನಿಂಗ್. ಇದು ಡೇಟಾಬೇಸ್ ಭಾಷೆಯಾದ ಎಸ್‌ಕ್ಯುಎಲ್‌ನ 2011ರ ಸ್ಟ್ಯಾಂಡರ್ಡ್‌ನಲ್ಲಿ ಬಂತು. ಮೈಕ್ರೋಸಾಫ್ಟ್‌ನ ಎಸ್‌ಕ್ಯುಎಲ್ ಸರ್ವರ್‌ನಲ್ಲಿ 2016ರ ಆವೃತ್ತಿಯಿಂದ ಇದೆ, ಮರಿಯಾಡಿಬಿಯಲ್ಲಿ 10.3ರಿಂದ. ಆನ್ ಮಾಡಿದರೆ ಸಾಲು ತಿದ್ದಿದಾಗ, ಅಳಿಸಿದಾಗ ಹಳೆಯ ರೂಪ ಹಾಗೇ ಉಳಿಯುತ್ತದೆ, ಇಂಥ ಹೊತ್ತಿಗೆ ಟೇಬಲ್ ಹೇಗಿತ್ತು ಅಂತ ನೇರವಾಗಿ ಕೇಳಬಹುದು. ಒಳ್ಳೆಯ ಸೌಲಭ್ಯ, ನಾನೂ ಬಳಸುತ್ತೇನೆ. ಆದರೆ ಅದು ಬರೆದುಕೊಳ್ಳುವುದು ನೀವು ಕೀ ಒತ್ತಿದ ಹೊತ್ತನ್ನು, ರೇಟು ನಿಜವಾಗಿ ಜಾರಿಗೆ ಬಂದ ಹೊತ್ತನ್ನಲ್ಲ.

ಒಂದು ಉದಾಹರಣೆ ನೋಡಿ. ಸೋಮವಾರ ಬೆಳಿಗ್ಗೆ 420 ಬದಲು 402 ಅಂತ ಕೈತಪ್ಪಿ ಹೊಡೆದಿರಿ. ಮಂಗಳವಾರ ಗೊತ್ತಾಗಿ ಸರಿ ಮಾಡಿದಿರಿ. ಈಗ ಎರಡು ಪ್ರಶ್ನೆ ಇವೆ ಅಲ್ವಾ? ಸೋಮವಾರದ ರೇಟು ಎಷ್ಟು? 420. ಸೋಮವಾರ ನಮ್ಮ ಟೇಬಲ್ ಎಷ್ಟು ಅಂತ ಹೇಳುತ್ತಿತ್ತು? 402. ಮೊದಲನೆಯದಕ್ಕೆ ಉತ್ತರ ನೀವು ಹಾಕುವ 'ಯಾವಾಗಿನಿಂದ' ಕಾಲಮ್‌ನಿಂದ ಬರಬೇಕು. ಎರಡನೆಯದನ್ನು ವರ್ಷನಿಂಗ್ ಕೊಡುತ್ತದೆ. ಸೋಮವಾರ ಅಡಿಕೆ ಕೊಟ್ಟವರಿಗೆ ಕಿಲೋಗೆ 18 ರೂಪಾಯಿ ಬಾಕಿ ಇದೆ ಅಂತ ಹೇಳಲು ಎರಡೂ ಬೇಕು. ಹಳೆಯ ಬಿಲ್ಲನ್ನು ಮುಟ್ಟಬೇಡಿ, ವ್ಯತ್ಯಾಸಕ್ಕೆ ಇನ್ನೊಂದು ಬಿಲ್ಲು ಮಾಡಿ.

ಯಾರು ತಿದ್ದಿದರು ಎಂಬುದನ್ನು ಮರಿಯಾಡಿಬಿ ಬರೆದುಕೊಳ್ಳುವುದಿಲ್ಲ. ಅದಕ್ಕೊಂದು ಕಾಲಮ್ ನೀವೇ ಇಡಬೇಕು.

ಪ್ರಶ್ನೆ (ಮಂಜೇಶ್ವರದಿಂದ):
ಇದರ ಜೊತೆಗೇ ಕೇಳುತ್ತೇನೆ. ನಮ್ಮಲ್ಲಿ ಪೋಸ್ಟ್‌ಗ್ರೆಸ್ ಡೇಟಾಬೇಸ್ ಇದೆ. ಬಾಡಿಗೆ ಕೋಣೆಗಳ ಲೆಕ್ಕ. ಯಾರು ಎಂದಿನಿಂದ ಎಂದಿನವರೆಗೆ ಇದ್ದರು ಅಂತ ಬೇಕು. ಇಲ್ಲೂ ಶುರುವಿನ ತಾರೀಕು ಮಾತ್ರ ಸಾಕಾ?

ಉತ್ತರ:
ಸಾಲದು. ಕೋಣೆ ಖಾಲಿಯೂ ಇರುತ್ತದಲ್ಲ, ಹಾಗಾಗಿ ಎರಡೂ ತಾರೀಕು ಬೇಕು. ಮುಗಿಯುವ ತಾರೀಕನ್ನು ಮಾತ್ರ ಅವಧಿಯೊಳಗೆ ಎಣಿಸಬೇಡಿ. ಒಬ್ಬರದು ಜೂನ್ 1ಕ್ಕೆ ಮುಗಿದು ಇನ್ನೊಬ್ಬರದು ಜೂನ್ 1ಕ್ಕೆ ಶುರುವಾದರೆ ಜಗಳವಿಲ್ಲ, ಸಂದೂ ಇಲ್ಲ. ಪೋಸ್ಟ್‌ಗ್ರೆಸ್‌ನಲ್ಲಿ 9.2ರಿಂದ ರೇಂಜ್ ಟೈಪ್ (ಶುರು, ಕೊನೆ ಎರಡನ್ನೂ ಒಂದೇ ಕಾಲಮ್‌ನಲ್ಲಿ ಇಡುವ ಬಗೆ) ಇದೆ. ಅದರ ಮೇಲೆ ಎಕ್ಸ್‌ಕ್ಲೂಷನ್ ಕನ್‌ಸ್ಟ್ರೇಂಟ್ ಎಂಬ ನಿಯಮ ಹಾಕಿದರೆ, ಒಂದೇ ಕೋಣೆಗೆ ಒಂದೇ ಹೊತ್ತಿನಲ್ಲಿ ಇಬ್ಬರನ್ನು ಬರೆಯಲು ಡೇಟಾಬೇಸೇ ಬಿಡುವುದಿಲ್ಲ. 18ನೇ ಆವೃತ್ತಿಯಲ್ಲಾದರೆ ಪ್ರೈಮರಿ ಕೀಯಲ್ಲೇ (ಪ್ರತಿ ಸಾಲನ್ನು ಗುರುತಿಸುವ ಕಾಲಮ್‌ಗಳಲ್ಲೇ) ಇದನ್ನು ಹೇಳಬಹುದು. ಆದರೆ ಸಿಸ್ಟಮ್ ವರ್ಷನಿಂಗ್ ಪೋಸ್ಟ್‌ಗ್ರೆಸ್‌ನಲ್ಲಿ ಸಿದ್ಧವಾಗಿ ಸಿಗುವುದಿಲ್ಲ, ಟ್ರಿಗರ್ (ಸಾಲು ಬದಲಾದಾಗ ತಾನಾಗಿ ಓಡುವ ಆದೇಶ) ಬರೆದು ಹಳೆಯ ಸಾಲನ್ನು ಬೇರೆ ಟೇಬಲ್‌ಗೆ ಹಾಕಬೇಕು.

ಪ್ರಶ್ನೆ (ಬದಿಯಡ್ಕದವರೇ):
ತುಂಬಾ ಉಪಕಾರ. ಎರಡೇ ಮಾತು ಉಳಿದಿದೆ. ದಿನಾ ರಾತ್ರಿ ಡಂಪ್ (ಡೇಟಾಬೇಸಿನ ನಕಲು) ತೆಗೆಯುತ್ತೇನೆ, ಇತಿಹಾಸವೂ ಅದರಲ್ಲಿ ಬರುತ್ತದಾ? ಮತ್ತೆ ಈಗಾಗಲೇ ಹೋದ ಹಳೆಯ ರೇಟುಗಳು?

ಉತ್ತರ:
10.6ರ ಡಂಪ್‌ನಲ್ಲಿ ಈಗಿನ ಸಾಲುಗಳು ಮಾತ್ರ ಬರುತ್ತವೆ, ಇತಿಹಾಸ ಬರುವುದಿಲ್ಲ. ಇದು ಗೊತ್ತಿಲ್ಲದೆ ರಿಸ್ಟೋರ್ ಮಾಡಿದರೆ ಎಲ್ಲ ಹೋಯಿತು. ಇತಿಹಾಸ ಸೇರಿಸಿ ಡಂಪ್ ತೆಗೆಯುವ ಆಯ್ಕೆ 10.11ರಲ್ಲಿ ಬಂದಿದೆ, ದಯವಿಟ್ಟು ಮೊದಲು ಅಲ್ಲಿಗೆ ಹೋಗಿ. ಇನ್ನೊಂದು, ವರ್ಷನಿಂಗ್ ಇರುವ ಟೇಬಲ್‌ಗೆ ಆಮೇಲೆ ಕಾಲಮ್ ಸೇರಿಸಲು ಹೊರಟರೆ ಎರರ್ ಬರುತ್ತದೆ. ಒಂದು ಸೆಟ್ಟಿಂಗ್ ಬದಲಾಯಿಸಿದರೆ ಬಿಡುತ್ತದೆ. ಆದರೂ ಬೇಕಾದ ಕಾಲಮ್‌ಗಳನ್ನೆಲ್ಲ ಮೊದಲೇ ಯೋಚಿಸಿ ಹಾಕಿ.

ಹೋದ ರೇಟುಗಳು ಟೇಬಲ್‌ನಿಂದ ಸಿಗುವುದಿಲ್ಲ, ಯಾಕೆಂದರೆ ವರ್ಷನಿಂಗ್ ಆನ್ ಮಾಡಿದ ದಿನದಿಂದಷ್ಟೇ ಇತಿಹಾಸ. ಆದರೆ ರಾತ್ರಿಯ ಹಳೆಯ ಡಂಪ್‌ಗಳನ್ನು ಅಳಿಸದೆ ಇಟ್ಟಿದ್ದೀರಾ? ಒಂದೊಂದರಲ್ಲೂ ಆ ದಿನದ ರೇಟು ಹಾಗೇ ಇರುತ್ತದೆ. ಇಲ್ಲದಿದ್ದರೆ ಬಿಲ್ ಬುಕ್ಕಿನ ನಕಲು ಪ್ರತಿ ನೋಡಿ, 'ಯಾವಾಗಿನಿಂದ' ಕಾಲಮ್‌ಗೆ ಹಳೆಯ ತಾರೀಕು ಹಾಕಿ ಒಂದೊಂದೇ ಸೇರಿಸುತ್ತಾ ಬನ್ನಿ. ಆ ಕೃಷಿಕರ ಮಾರ್ಚ್ ತಿಂಗಳ ಚೀಟಿಯಿಂದಲೇ ಶುರು ಮಾಡಿ.